ಬಾಗಿದ ಗೆರೆ

ಅಂಗಡಿಗಳಿಗೆ, ಕಂಪನಿಗಳಿಗೆ ಲೋಗೊ, ಪೊಟ್ಟಣ, ಬೋರ್ಡು ಮಾಡಿಕೊಡುವುದು ನನ್ನ ಕಸುಬು. ಕಾರ್ಡಿನ ಮೇಲೆ ‘ಬ್ರ್ಯಾಂಡಿಂಗ್ ಮತ್ತು ಗ್ರಾಫಿಕ್ ಡಿಸೈನರ್’ ಎಂದು ಅಚ್ಚು ಹಾಕಿಸಿಕೊಂಡಿದ್ದೇನೆ. ಗದಗಿನಲ್ಲಿ ನಮ್ಮ ಅವ್ವನನ್ನು ಕೇಳಿದರೆ, “ನಮ್ಮ ಹುಡುಗಿ ಬೆಂಗಳೂರಾಗ ಪ್ರೆಸ್ಸಿನ ಕೆಲಸಾ ಮಾಡ್ತಾಳ” ಅನ್ನುತ್ತಾಳೆ. ಅವಳ ಮಾತೇ ನಿಜಕ್ಕೆ ಹತ್ತಿರ. ಅಪ್ಪ ಗದಗಿನ ಮುದ್ರಣಾಲಯವೊಂದರಲ್ಲಿ ಮಷಿನ್‌ಮನ್. ಪಂಚಾಂಗ, ಲಗ್ನಪತ್ರಿಕೆ, ಶಾಲೆ ಹುಡುಗರ ಗೈಡು, ದೇವರ ಕ್ಯಾಲೆಂಡರು ಎಲ್ಲ ಅವರ ಕೈಕೆಳಗೆ ಹಾದುಹೋಗುತ್ತಿದ್ದವು. ಲಕ್ಷ್ಮಿಯ ತುಟಿಯ ಕೆಂಪು ಗಲ್ಲಕ್ಕೆ ಸರಿದಿದ್ದರೆ “ಕಲರ್ ಕೂತಿಲ್ಲ” ಎಂದು ಮಷಿನ್ ನಿಲ್ಲಿಸಿಬಿಡುತ್ತಿದ್ದರು. ಕಲರ್ ಕೂತಿದೆಯೋ ಇಲ್ಲವೋ ನೋಡುವುದನ್ನು ನಾನು ಕಲಿತದ್ದು ಅಲ್ಲಿ. ಆಮೇಲೆ ಟಿ.ಪಿ. ಅಕ್ಕಿಯವರು ಕಟ್ಟಿದ ವಿಜಯ ಕಲಾ ಮಂದಿರ, ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಜಾಹೀರಾತು ಏಜೆನ್ಸಿಗಳು, ಕೊನೆಗೆ ಸ್ವಂತದ ಸಣ್ಣ ಸ್ಟುಡಿಯೊ. ಈ ದಾರಿ ನಮ್ಮ ಕಸುಬಿನ ಬಹಳ ಮಂದಿ ಹಿಡಿದದ್ದೇ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಹೇಳಬೇಕಾದ್ದು ನನ್ನ ಬಲಗಣ್ಣಿನ ಬಗ್ಗೆ.

ಹೈಸ್ಕೂಲಿನಿಂದಲೇ ನನಗೆ ಕನ್ನಡಕ. ನಲವತ್ತು ದಾಟುವ ಹೊತ್ತಿಗೆ ನಂಬರು ಮೈನಸ್ ಒಂಬತ್ತರ ಆಸುಪಾಸಿಗೆ ಬಂದಿತ್ತು. ಅಷ್ಟು ಮೈನಸ್ ಇರುವವರ ಕಣ್ಣುಗುಡ್ಡೆ ಉದ್ದಕ್ಕೆ ಎಳೆದಿರುತ್ತದೆ, ಒಳಗಿನ ರೆಟಿನಾ ತೆಳುವಾಗಿರುತ್ತದೆ, ಅದು ಹರಿಯುವ ಸಂಭವ ಬೇರೆಯವರಿಗಿಂತ ಹೆಚ್ಚು. ಇಷ್ಟನ್ನು ನನಗೆ ಯಾರೂ ಹೇಳಿರಲಿಲ್ಲ. ವರ್ಷಕ್ಕೊಮ್ಮೆ ಅಂಗಡಿಗೆ ಹೋಗುವುದು, ನಂಬರು ನೋಡಿಸುವುದು, ಗ್ಲಾಸು ತೆಳ್ಳಗೆ ಕಾಣುವಂತೆ ಹೆಚ್ಚು ದುಡ್ಡು ಕೊಟ್ಟು ಮಾಡಿಸುವುದು, ಇದೇ ನನಗೆ ಗೊತ್ತಿದ್ದ ಕಣ್ಣಿನ ಆರೈಕೆ.

2024ರ ಜನವರಿ. ಬೆಂಗಳೂರಿನ ಅಂಗಡಿ ಬೋರ್ಡುಗಳಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು, ಫೆಬ್ರುವರಿ 28ರೊಳಗೆ ಬದಲಾಯಿಸಬೇಕು ಎಂದು ಪಾಲಿಕೆ ಗಡುವು ಕೊಟ್ಟಿತ್ತು. ಅದಕ್ಕೆ ಮುಂಚಿನ ಡಿಸೆಂಬರಿನ ಪ್ರತಿಭಟನೆಗಳಲ್ಲಿ ಇಂಗ್ಲಿಷ್ ಬೋರ್ಡುಗಳಿಗೆ ಮಸಿ ಬಿದ್ದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದರು. ನನ್ನ ಸ್ಟುಡಿಯೊದ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಅಲ್ಲಿಯವರೆಗೆ ಕನ್ನಡ ಲೋಗೊ ಎಂದರೆ, ಇಂಗ್ಲಿಷಿನದಕ್ಕೆ ತಿಂಗಳುಗಟ್ಟಲೆ ಮೀಟಿಂಗು ಮಾಡಿ, ಕೊನೆಯ ದಿನ ಸಂಜೆ “ಇದರದ್ದೊಂದು ಕನ್ನಡ ಮಾಡಿ ಕಳಿಸಿ” ಎಂದು ಹೇಳುವ ಬಾಬತ್ತು. ಕಂಪ್ಯೂಟರಿನಲ್ಲಿ ಸಿಕ್ಕ ಫಾಂಟಿನಲ್ಲಿ ಟೈಪು ಮಾಡಿ, ಇಂಗ್ಲಿಷಿನ ಬಣ್ಣ ತುಂಬಿ ಕೊಟ್ಟುಬಿಡುತ್ತಿದ್ದರು. ಒತ್ತಕ್ಷರ ಕೆಳಗಿಳಿದು ಬೋರ್ಡಿನ ಚೌಕಟ್ಟಿಗೆ ತಾಗಿದರೂ ಕೇಳುವವರಿರಲಿಲ್ಲ. ಕನ್ನಡ ಅಕ್ಷರವನ್ನು ಕೈಯಲ್ಲಿ ಬರೆದು, ತಿದ್ದಿ, ಆ ಬ್ರ್ಯಾಂಡಿಗೇ ಹೊಂದುವ ಹಾಗೆ ಮಾಡಿಕೊಡುವ ಕೆಲವೇ ಮಂದಿಯಲ್ಲಿ ನಾನೂ ಒಬ್ಬಳಾಗಿದ್ದೆ. ಅಂಥವರಿಗೆ ಬೆಲೆ ಬರುವುದಕ್ಕೆ ಕಾನೂನೇ ಬರಬೇಕಾಯಿತು.

ಸಂಕ್ರಾಂತಿಯ ಹಿಂದುಮುಂದು ರಾತ್ರಿ ದೀಪ ಆರಿಸಿದ ಮೇಲೆ ಬಲಗಣ್ಣಿನ ಪಕ್ಕದಲ್ಲಿ ಮಿಂಚು ಹೊಡೆಯತೊಡಗಿತು. ಕಣ್ಣು ಹೊರಳಿಸಿದಾಗಲೆಲ್ಲ ಒಂದು ಬೆಳ್ಳಿಗೆರೆ ಬಂದು ಹೋಗುತ್ತಿತ್ತು. ಹಗಲಲ್ಲಿ ಕರಿ ಚುಕ್ಕಿಗಳು, ಎಳೆಗಳು ತೇಲುತ್ತಿದ್ದವು. ಕನ್ನಡಕದ ಅಂಗಡಿಗೆ ಹೋದೆ. ಅಲ್ಲಿ ಪರೀಕ್ಷೆ ಮಾಡಿದವರು, “ಸ್ಕ್ರೀನ್ ಜಾಸ್ತಿ ನೋಡ್ತೀರ ಮೇಡಂ, ಡ್ರೈನೆಸ್ಸು” ಎಂದು ಹನಿ ಬರೆದುಕೊಟ್ಟರು. ಕಣ್ಣಿನ ಪಾಪೆ ಹಿಗ್ಗಿಸಿ ಒಳಗೆ ನೋಡಲಿಲ್ಲ. ಹನಿ ಹಾಕಿಕೊಂಡು ಕೆಲಸಕ್ಕೆ ಕೂತೆ.

ಆಮೇಲೆ ಒಂದು ಮಧ್ಯಾಹ್ನ ರಾಜಾಜಿನಗರದ ಪ್ರೆಸ್ಸಿನಲ್ಲಿ ಸಿರಿಧಾನ್ಯದ ಡಬ್ಬಿಯೊಂದರ ಹಾಳೆ ಪಾಸು ಮಾಡುತ್ತಿದ್ದೆ. ಉತ್ತರ ಕರ್ನಾಟಕದ ರೈತರ ಕಂಪನಿಯೊಂದರ ಕೆಲಸ ಅದು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಎಂದು ಸಾರಿದ ಮೇಲೆ ನವಣೆ, ಸಾಮೆ, ಊದಲುಗಳಿಗೆ ಪೇಟೆಯಲ್ಲಿ ಡಬ್ಬಿಯ ಯೋಗ ಬಂದಿತ್ತು. ಹಾಳೆ ಲೈಟಿನ ಕೆಳಗೆ ಹರಡಿದೆ. ಎಡಗಡೆ ಕೆಳಮೂಲೆಯಲ್ಲಿ ಕಪ್ಪು ಜಾಸ್ತಿಯಾಗಿತ್ತು.

“ಈ ಮೂಲೇಲಿ ಕಪ್ಪು ಕಮ್ಮಿ ಮಾಡಿ, ತುಂಬ ಹೊಡೀತಿದೆ” ಅಂದೆ.

ಮಷಿನ್‌ಮನ್ ಹಾಳೆ ನೋಡಿದರು, ನನ್ನನ್ನು ನೋಡಿದರು. ಏನೂ ಹೇಳದೆ ಹಾಳೆಯನ್ನು ತಲೆಕೆಳಗು ಮಾಡಿ ಇಟ್ಟರು. ಡಬ್ಬಿಯ ಚಿತ್ರ ತಿರುಗಿತು. ಕಪ್ಪು ತಿರುಗಲಿಲ್ಲ, ಎಡಗಡೆ ಕೆಳಮೂಲೆಯಲ್ಲೇ ಇತ್ತು.

“ಮೇಡಂ, ಕಪ್ಪು ಹಾಳೇಲಿಲ್ಲ” ಅಂದರು.

ಎಡಗಣ್ಣು ಮುಚ್ಚಿ ನೋಡಿದೆ. ಮೂಗಿನ ಕಡೆಯಿಂದ ಒಂದು ಪರದೆ ಮೇಲಕ್ಕೆದ್ದಿತ್ತು. ಅವರೇ ಆಟೊ ಹಿಡಿದು ನನ್ನನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದರು. ಸಂಜೆ ರೆಟಿನಾ ಡಾಕ್ಟರು ಹನಿ ಹಾಕಿ, ತಲೆಗೆ ದೀಪ ಕಟ್ಟಿಕೊಂಡು, ಬಹಳ ಹೊತ್ತು ನೋಡಿದರು. ಮೇಲ್ಭಾಗದಲ್ಲಿ ರೆಟಿನಾ ಹರಿದಿದೆ, ತೂತಿನಿಂದ ನೀರು ಒಳಹೊಕ್ಕು ಗೋಡೆಯಿಂದ ಅದನ್ನು ಎಬ್ಬಿಸಿಬಿಟ್ಟಿದೆ, ಪರದೆ ನಡುವಿನ ಮ್ಯಾಕ್ಯುಲಾವರೆಗೂ ಬಂದಿದೆ ಎಂದರು. ಮ್ಯಾಕ್ಯುಲಾ ಎಂದರೆ ಅಕ್ಷರ ಓದುವ, ಮುಖ ಗುರುತಿಸುವ, ಸೂಜಿಗೆ ದಾರ ಪೋಣಿಸುವ ಜಾಗ. ಅದು ಏಳುವುದಕ್ಕೆ ಮುಂಚೆ ಆಪರೇಷನ್ ಆದರೆ ನೋಟ ಬಹುಪಾಲು ಉಳಿಯುತ್ತದೆ, ಎದ್ದ ಮೇಲೆ ಆದರೆ ಎಷ್ಟು ಮರಳುತ್ತದೆ ಎಂದು ಹೇಳಲಾಗುವುದಿಲ್ಲ. ಚುಕ್ಕಿ, ಮಿಂಚು ಕಂಡಾಗಲೇ ಯಾರಾದರೂ ಪಾಪೆ ಹಿಗ್ಗಿಸಿ ನೋಡಿದ್ದರೆ ಹರಿದ ಜಾಗದ ಸುತ್ತ ಲೇಸರ್ ಹೊಡೆದು ಅಲ್ಲಿಗೇ ನಿಲ್ಲಿಸಬಹುದಿತ್ತಂತೆ. ಈ ಕಾಯಿಲೆ ವರ್ಷಕ್ಕೆ ಹತ್ತು ಸಾವಿರ ಜನರಲ್ಲಿ ಒಬ್ಬರಿಗೆ ಬರುತ್ತದೆ ಎಂದೂ ಹೇಳಿದರು. ಆ ಒಬ್ಬರು ಯಾರು ಎಂದು ಗೊತ್ತಾದ ಮೇಲೆ ಅಂಕಿಸಂಖ್ಯೆಯಿಂದ ಏನು ಸಮಾಧಾನ.

ಮರುದಿನ ಬೆಳಿಗ್ಗೆ ಆಪರೇಷನ್. ವಿಟ್ರೆಕ್ಟಮಿ ಎನ್ನುತ್ತಾರೆ. ಕಣ್ಣಿನೊಳಗಿನ ಲೋಳೆಯನ್ನು ಕತ್ತರಿಸಿ ತೆಗೆದು, ರೆಟಿನಾವನ್ನು ಚಪ್ಪಟೆ ಮಾಡಿ, ಹರುಕಿನ ಸುತ್ತ ಲೇಸರ್ ಹಾಕಿ, ಅದು ಅಂಟುವವರೆಗೆ ಒತ್ತಿಹಿಡಿಯಲೆಂದು ಅನಿಲ ತುಂಬುವುದು. ಮರಗಟ್ಟಿಸಿದ್ದು ಕಣ್ಣನ್ನು ಮಾತ್ರ. ಎಚ್ಚರವಾಗಿಯೇ ಇದ್ದೆ. ನೋವಿರಲಿಲ್ಲ. ಆದರೆ ಒಳಗಿನಿಂದ ಎಲ್ಲ ಕಾಣುತ್ತಿತ್ತು: ಕೆಂಪು ಬೆಳಕು, ಅದರ ನಡುವೆ ಆಡುವ ಸಲಕರಣೆಯ ನೆರಳು, ಮೋಡದಂತೆ ಎಳೆದುಹೋಗುವ ಲೋಳೆ. ಅದನ್ನು ಚಿತ್ರ ಮಾಡು ಎಂದು ಆಮೇಲೆ ಒಬ್ಬ ಗೆಳತಿ ಹೇಳಿದಳು. ಮಾಡಿಲ್ಲ, ಮಾಡುವುದೂ ಇಲ್ಲ.

ನಿಜವಾದ ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ಅನಿಲ ಯಾವಾಗಲೂ ಮೇಲಕ್ಕೇರುತ್ತದೆ. ರೆಟಿನಾ ಇರುವುದು ಕಣ್ಣಿನ ಹಿಂಗೋಡೆಗೆ. ಆದ್ದರಿಂದ ಗುಳ್ಳೆ ಹೋಗಿ ಅಲ್ಲಿ ಒತ್ತಬೇಕಾದರೆ ಮುಖ ನೆಲಕ್ಕೆ ಮಾಡಿಕೊಂಡಿರಬೇಕು. ಉಣ್ಣುವಾಗ, ನಡೆಯುವಾಗ, ಮಲಗುವಾಗ, ಹಗಲೂ ರಾತ್ರಿ. ಗಂಟೆಗೆ ಹತ್ತು ನಿಮಿಷ ಬಿಡುವು. ಮಗಳು ಎರಡು ಹಾಸಿಗೆಯ ನಡುವೆ ಸಂದು ಬಿಟ್ಟು, ಹಣೆಗೆ ದಿಂಬು ಕೊಟ್ಟು, ಮೂಗು ಆಡುವಂತೆ ಜಾಗ ಮಾಡಿದಳು. ಮೊದಲ ರಾತ್ರಿಗೇ ಕತ್ತಿನ ಹಿಂದೆ ಕೆಂಡ ಇಟ್ಟ ಹಾಗಾಯಿತು. ಹೆಗಲು ಸೆಟೆದುಕೊಂಡಿತು, ಮುಖ ಊದಿತು, ಎಂಜಲು ತಾನಾಗಿ ಸುರಿಯುತ್ತಿತ್ತು. ಅಳಬೇಕೆನಿಸಿದರೂ ಆ ಕಣ್ಣಿನಲ್ಲಿ ಅಳಲು ಹೆದರಿಕೆ. ಆ ದಿನಗಳಲ್ಲಿ ನಾನು ಕಂಡದ್ದು ನಮ್ಮ ಬಾಡಿಗೆ ಮನೆಯ ಮೊಸಾಯಿಕ್ ನೆಲ ಮಾತ್ರ. ಯಾವ ಚೌಕದಲ್ಲಿ ಯಾವ ಬಣ್ಣದ ಚೂರು ಎಷ್ಟು ದೊಡ್ಡದಿದೆ ಎಂದು ಇವತ್ತಿಗೂ ಹೇಳಬಲ್ಲೆ.

ಅಪ್ಪ ಗದಗಿನಿಂದ ಬಂದರು. ಎಪ್ಪತ್ತು ದಾಟಿದವರು. ನನ್ನ ಮುಖ ಕಾಣಬೇಕೆಂದು ಕುರ್ಚಿ ಬಿಟ್ಟು ನೆಲದ ಮೇಲೇ ಕೂರುತ್ತಿದ್ದರು, ಕೆಲವೊಮ್ಮೆ ಮಂಚದ ಕೆಳಗೆ ಚಾಪೆ ಹಾಕಿಕೊಂಡು ಮಲಗಿ ಮೇಲಕ್ಕೆ ನೋಡುತ್ತ ಪೇಪರ್ ಓದಿ ಹೇಳುತ್ತಿದ್ದರು. ಅವರಿಗೆ ಕಿವಿ ಮಂದ. ಮಷಿನ್ನಿನ ಸದ್ದಿನಲ್ಲಿ ಆಯುಷ್ಯ ಕಳೆದವರು. ಅವರಿಗೆ ಕೇಳುವಂತೆ ನಾನು ಕೂಗಬೇಕು, ಕೂಗಿದರೆ ಕಣ್ಣಿಗೆ ಒತ್ತಡ ಎಂದು ಮಗಳು ಗದರಬೇಕು. ಹೀಗೆ ನಡೆಯುತ್ತಿತ್ತು ಸಂಸಾರ.

ಪ್ರಶಸ್ತಿಯ ಸುದ್ದಿ ಬಂದದ್ದು ಆಗ. ಅದೇ ಸಿರಿಧಾನ್ಯದ ಡಬ್ಬಿಗಳ ಸರಣಿಗೆ, ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಆಸೆಪಡುವ ಒಂದು ರಾಷ್ಟ್ರೀಯ ಪ್ರಶಸ್ತಿ. ಮಗಳು ಮಿಂಚಂಚೆ ಓದಿ ಹೇಳಿದಳು. ನನಗೆ ಖುಷಿಯಾಯಿತು, ಸುಳ್ಳು ಹೇಳಲಾರೆ. ಇಂಥ ಪ್ರಶಸ್ತಿಗಳಿಗೆ ಒಂದೊಂದು ವಿಭಾಗಕ್ಕೂ ಶುಲ್ಕ ಕಟ್ಟಿ ನಾವೇ ಕೆಲಸ ಕಳಿಸಬೇಕು ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಸಣ್ಣ ಸ್ಟುಡಿಯೊಗೆ ಅದು ಒಂದು ತಿಂಗಳ ಬಾಡಿಗೆಯಷ್ಟಾಗುತ್ತದೆ. ಆದರೂ ಕಟ್ಟುತ್ತೇವೆ, ಏಕೆಂದರೆ ಪ್ರಶಸ್ತಿ ಬಂದವರಿಗೆ ಮುಂದಿನ ಕೆಲಸದಲ್ಲಿ ಚೌಕಾಸಿ ಕಡಿಮೆ. ಸಮಾರಂಭ ಮುಂಬೈಯಲ್ಲಿ. ಕಣ್ಣಿನಲ್ಲಿ ಅನಿಲದ ಗುಳ್ಳೆ ಇರುವಾಗ ವಿಮಾನ ಹತ್ತುವಂತಿಲ್ಲ. ಮೇಲೆ ಹೋದ ಹಾಗೆ ಗಾಳಿಯೊತ್ತಡ ಇಳಿದು ಗುಳ್ಳೆ ಹಿಗ್ಗುತ್ತದೆ, ಕಣ್ಣೊಳಗಿನ ಒತ್ತಡ ಏರಿ ಉಳಿದ ನೋಟವೂ ಹೋಗಬಹುದು. ಅದಕ್ಕೇ ಆಸ್ಪತ್ರೆಯವರು ಕೈಗೆ ಹಸಿರು ಪಟ್ಟಿ ಕಟ್ಟಿ ಕಳಿಸಿದ್ದರು. ಘಾಟಿ ರಸ್ತೆ ಕೂಡ ಹತ್ತಬೇಡಿ ಅಂದಿದ್ದರು. ನನ್ನ ಜೊತೆ ಕೆಲಸ ಮಾಡುವ ಹುಡುಗಿ ಹೋಗಿ ತೆಗೆದುಕೊಂಡಳು. ವೇದಿಕೆಯ ಫೋಟೊವನ್ನು ಅಪ್ಪ ನೆಲದ ಮೇಲಿಟ್ಟು ತೋರಿಸಿದರು.

ಅದೇ ವಾರ ಒಂದು ದೊಡ್ಡ ಗಿರಾಕಿ ಕೈಬಿಟ್ಟರು. ಅವರ ಮ್ಯಾನೇಜರು ಫೋನಿನಲ್ಲಿ ಮೆತ್ತಗೆ ಕೇಳಿದ್ದು ಇಷ್ಟೇ: “ಮೇಡಂ, ಶೇಡ್ ಪಾಸ್ ಮಾಡೋದು ಯಾರು?” ಕೋಪ ಬಂತು. ಆದರೆ ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಒಂದು ಪೌಚು ಅಚ್ಚಾಗುವಾಗ ಬಣ್ಣಕ್ಕೊಂದರಂತೆ ಸಿಲಿಂಡರ್ ಕೆತ್ತುತ್ತಾರೆ, ಒಮ್ಮೆ ಹೂಂ ಎಂದರೆ ಲಕ್ಷಗಟ್ಟಲೆ ಪೊಟ್ಟಣ ಹೊರಬೀಳುತ್ತವೆ. ಆ ಹೂಂಕಾರಕ್ಕೇ ನಮಗೆ ದುಡ್ಡು ಕೊಡುವುದು. ಇನ್ನೊಬ್ಬರು, ಕೆಲಸ ಪೂರ್ತಿ ತೆಗೆದುಕೊಂಡವರು, ಬಿಲ್ಲು ಕೊಡದೆ ಫೋನು ಎತ್ತುವುದನ್ನೇ ಬಿಟ್ಟರು. ಬಿಲ್ಲು ಬರೆದ ಲೆಕ್ಕಕ್ಕೆ ನಾನು ಶೇ 18 ಜಿಎಸ್‌ಟಿ ಮಾತ್ರ ಕಟ್ಟಿಯಾಗಿತ್ತು. ಸಣ್ಣ ಉದ್ಯಮಗಳ 2006ರ ಕಾಯಿದೆ ಪ್ರಕಾರ 45 ದಿನ ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಉದ್ಯಮ್ ನೋಂದಣಿ ಇದ್ದದ್ದರಿಂದ ಮಗಳ ಕೈಯಲ್ಲೇ ಸಮಾಧಾನ್ ಪೋರ್ಟಲಿನಲ್ಲಿ ದೂರು ಹಾಕಿಸಿದೆ. ನೋಟಿಸು ಹೋದ ಮೇಲೆ ಅಸಲು ಬಂತು. ಬಡ್ಡಿ ಕೇಳುವ ತ್ರಾಣ ನನಗಿರಲಿಲ್ಲ. ಇಷ್ಟು ಸಾಕು ಆ ವಿಷಯ.

ತಲೆ ಎತ್ತಬಹುದು ಎಂದ ದಿನ ಬಲಗಣ್ಣಿನಲ್ಲಿ ಗುಳ್ಳೆಯ ಅಂಚು ಕಂಡಿತು. ಗುಳ್ಳೆ ಕರಗುತ್ತ ಬಂದ ಹಾಗೆ ಮೇಲುಗಡೆ ತಿಳಿಯಾಗುತ್ತದೆ, ಅಂಚು ಕೆಳಗಿಳಿಯುತ್ತದೆ. ಮೇಸ್ತ್ರಿಯ ರಸಮಟ್ಟದ ಹಾಗೆ, ತಲೆ ಎತ್ತ ಓರೆ ಮಾಡಿದರೂ ಅದು ಮಟ್ಟವಾಗಿಯೇ ನಿಲ್ಲುತ್ತಿತ್ತು. ಆ ಕಣ್ಣಿನಲ್ಲಿ ನನಗೆ ಕಂಡ ಕೊನೆಯ ನೇರ ಗೆರೆ ಅದು.

ಗುಳ್ಳೆ ಪೂರ್ತಿ ಹೋದ ಮೇಲೆ ನೋಡಿದರೆ ಬಾಗಿಲ ಚೌಕಟ್ಟು ನಡುವಿನಲ್ಲಿ ಒಳಕ್ಕೆ ಬಾಗಿತ್ತು. ಟ್ಯೂಬ್‌ಲೈಟು ಅಂಕುಡೊಂಕು. ಡಾಕ್ಟರು ಕೈಗೆ ಒಂದು ಚೌಕಳಿ ಹಾಳೆ ಕೊಟ್ಟು ನಡುವಿನ ಚುಕ್ಕಿ ನೋಡಿ ಎಂದರು. ಸ್ವಿಟ್ಜರ್‌ಲೆಂಡಿನ ಆಮ್‌ಸ್ಲರ್ ಎಂಬ ನೇತ್ರವೈದ್ಯ ಬಳಕೆಗೆ ತಂದ ಪರೀಕ್ಷೆಯಂತೆ ಅದು. ನನ್ನ ಇಡೀ ಕಸುಬು ನಿಂತಿರುವುದು ಅಂಥದೇ ಚೌಕಳಿಯ ಮೇಲೆ. ಯಾವ ಪುಟ, ಯಾವ ಬೋರ್ಡು ಮಾಡುವಾಗಲೂ ಮೊದಲು ಅದನ್ನು ಎಳೆದುಕೊಳ್ಳುತ್ತೇವೆ. ಎಡಗಣ್ಣಿಗೆ ಅದು ಚೌಕಳಿ, ಬಲಗಣ್ಣಿಗೆ ಹಿಂಡಿ ಒಣಹಾಕಿದ ಬಟ್ಟೆ. ಪೆನ್ಸಿಲಿನಿಂದ ಯಾವ ಗೆರೆ ಎಲ್ಲಿ ಬಾಗುತ್ತದೆ ಎಂದು ಅದರ ಮೇಲೆಯೇ ಬರೆದು ಕೊಟ್ಟೆ. “ಇಷ್ಟು ಚೆನ್ನಾಗಿ ಯಾರೂ ಬರೆದುಕೊಟ್ಟಿಲ್ಲ” ಎಂದು ಡಾಕ್ಟರು ನಕ್ಕರು. ಒಂದು ವರ್ಷದವರೆಗೆ ಸ್ವಲ್ಪ ಸ್ವಲ್ಪ ಸುಧಾರಿಸುತ್ತದೆ, ಪೂರ್ತಿ ಹೋಗುವುದಿಲ್ಲ ಎಂದೂ ಹೇಳಿದರು. ಎಡಗಣ್ಣಿನಲ್ಲಿಯೂ ತೆಳುವಾದ ಜಾಗವೊಂದಿತ್ತು, ಅದಕ್ಕೆ ಮುಂಜಾಗ್ರತೆಯಾಗಿ ಲೇಸರ್ ಹಾಕಿದರು.

ಕನ್ನಡ ಅಕ್ಷರದಲ್ಲಿ ನೇರ ಗೆರೆ ಕಡಿಮೆ, ನಿನಗೇನು ತೊಂದರೆ ಎಂದು ಒಬ್ಬರು ತಮಾಷೆ ಮಾಡಿದ್ದರು. ತೊಂದರೆ ಇರುವುದು ಅಲ್ಲೇ. ದುಂಡಗಿನ ಅಕ್ಷರವನ್ನು ಅಳತೆಗೆ ಸರಿಯಾಗಿ ಬರೆದರೆ ಅದು ಪಕ್ಕದ್ದಕ್ಕಿಂತ ಸಣ್ಣದಾಗಿ ಕಾಣುತ್ತದೆ, ಒಂದು ಕೂದಲೆಳೆ ದೊಡ್ಡದು ಮಾಡಬೇಕು. ತಲೆಕಟ್ಟುಗಳೆಲ್ಲ ಒಂದೇ ಎತ್ತರದಲ್ಲಿದ್ದರೂ ಒಂದೇ ಎತ್ತರ ಎನಿಸುವುದಿಲ್ಲ. ‘ರ’ ಪಕ್ಕದಲ್ಲಿ ‘ಗ’ ಬಂದರೆ ನಡುವೆ ಎಷ್ಟು ಜಾಗ ಬಿಡಬೇಕು ಎನ್ನುವುದನ್ನು ಕಂಪ್ಯೂಟರು ಅಂಕಿಯಲ್ಲಿ ಹೇಳುತ್ತದೆ, ಆ ಅಂಕಿ ತಪ್ಪು ಎಂದು ಕಣ್ಣು ಹೇಳುತ್ತದೆ. ನನ್ನ ಎರಡು ಕಣ್ಣು ಈಗ ಎರಡು ಮಾತು ಹೇಳುತ್ತಿದ್ದವು. ಎರಡನ್ನೂ ತೆರೆದು ಬರೆದ ಮೊದಲ ಅಕ್ಷರ ‘ಠ’. ಮಗಳು ನೋಡಿ, “ಅಮ್ಮ, ಇದು ಯಾಕೋ ಒಂದು ಕಡೆ ಕೂತಿದೆ” ಅಂದಳು. ಚಹಾ ಸುರಿದರೆ ಲೋಟದ ಹೊರಗೆ. ಡಬ್ಬಿಯ ಮಾದರಿ ಕತ್ತರಿಸುವಾಗ ಬ್ಲೇಡು ಹೆಬ್ಬೆರಳಿಗೆ. ದೂರ ಹತ್ತಿರದ ಲೆಕ್ಕವೇ ತಪ್ಪಿಹೋಗಿತ್ತು.

ಒಂದು ದಿನ ಅಪ್ಪ ತಮ್ಮ ಹಳೇ ಭೂತಗನ್ನಡಿಯನ್ನು ಚೀಲದಿಂದ ತೆಗೆದರು. ಹಾಳೆಯ ಮೇಲಿಟ್ಟು ಚುಕ್ಕಿ ನೋಡುವ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಕಬ್ಬಿಣದ್ದು.

“ಇದರಾಗ ಹೆಂಗ ನೋಡ್ತಾರ?” ಅಂದರು.

ನಾನು ಸುಮ್ಮನಿದ್ದೆ.

“ಒಂದ ಕಣ್ಣ ಮುಚ್ಚಿ, ಒಂದ ಕಣ್ಣೀಲೆ ನೋಡ್ತಾರ ಯವ್ವಾ. ನಾ ಹುಟ್ಟಾ ಹಿಂಗ ನೋಡೀನಿ. ಒಂದ ಹಾಳಿನೂ ವಾಪಸ್ ಬಂದಿಲ್ಲ.”

ಕೊನೆಯ ಮಾತು ಪೂರ್ತಿ ನಿಜವಲ್ಲ, ಅವ್ವನಿಗೂ ಗೊತ್ತು. ಆದರೆ ಮರುದಿನದಿಂದ ಬಲಗಣ್ಣಿಗೆ ಪಟ್ಟಿ ಕಟ್ಟಿಕೊಂಡು ಬರೆಯತೊಡಗಿದೆ. ಕತ್ತರಿಸುವ ಕೆಲಸ ಹುಡುಗಿಯ ಪಾಲಿಗೆ ಹೋಯಿತು. ಬಣ್ಣಕ್ಕೆ ಸ್ಪೆಕ್ಟ್ರೊಫೋಟೊಮೀಟರ್ ಎಂಬ ಉಪಕರಣ ಸಾಲ ಮಾಡಿ ಕೊಂಡೆ. ಹಾಳೆಯ ಮೇಲಿಟ್ಟು ಒತ್ತಿದರೆ, ಒಪ್ಪಿದ ಬಣ್ಣಕ್ಕೂ ಅಚ್ಚಾದ ಬಣ್ಣಕ್ಕೂ ಎಷ್ಟು ಅಂತರ ಎಂದು ಅಂಕಿ ತೋರಿಸುತ್ತದೆ. ಗಿರಾಕಿಗೆ ಈಗ ನನ್ನ ಕಣ್ಣಿನ ಭರವಸೆ ಬೇಡ, ಅಂಕಿಯ ಚೀಟಿಯೇ ಸಿಗುತ್ತದೆ. ಬಿಟ್ಟುಹೋಗಿದ್ದ ಮ್ಯಾನೇಜರು ಮರಳಿ ಬಂದದ್ದು ಆ ಚೀಟಿ ನೋಡಿ, ಪ್ರಶಸ್ತಿ ನೋಡಿ ಅಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ವಿಟ್ರೆಕ್ಟಮಿ ಆದ ಕಣ್ಣಿಗೆ ಬೇಗ ಪೊರೆ ಬರುತ್ತದೆ. ನನಗೂ ಬಂತು, 2025ರಲ್ಲಿ ಲೆನ್ಸು ಹಾಕಿಸಿಕೊಂಡೆ. ಪಟ್ಟಿ ಬಿಚ್ಚಿದಾಗ ಗೋಡೆ ನೀಲಿ ಬೆರೆತ ಬಿಳಿಯಾಗಿತ್ತು. ಎಡಗಣ್ಣಿನಲ್ಲಿ ಅದೇ ಗೋಡೆ ಹಾಲುಕೆನೆಯ ಬಣ್ಣ. ವಯಸ್ಸಾದಂತೆ ನಮ್ಮ ಹುಟ್ಟುಲೆನ್ಸು ಹಳದಿಗಟ್ಟುತ್ತ ಬರುತ್ತದೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೆ. ಫ್ರಾನ್ಸಿನ ಚಿತ್ರಕಾರ ಮೊನೆ 1923ರಲ್ಲಿ ಪೊರೆ ತೆಗೆಸಿಕೊಂಡ ಮೇಲೆ ಎಲ್ಲವೂ ನೀಲಿ ಕಾಣುತ್ತಿದೆ ಎಂದು ಗೋಳಾಡಿದ್ದನ್ನು ಕಾಲೇಜಿನಲ್ಲಿ ಓದಿ ನಕ್ಕಿದ್ದೆವು. ಇಷ್ಟು ವರ್ಷ ನಾನು ಬಿಳಿ ಎಂದು ಪಾಸು ಮಾಡಿದ ಹಾಳೆಗಳಲ್ಲಿ ಹಳದಿ ಎಷ್ಟಿತ್ತೋ ಎಂಬ ಯೋಚನೆ ಈಗಲೂ ಒಮ್ಮೊಮ್ಮೆ ಬರುತ್ತದೆ.

ಪ್ರಶಸ್ತಿ ಬಂದದ್ದೂ ಕಣ್ಣು ಹೋದದ್ದೂ ಒಟ್ಟಿಗೇ ಆದದ್ದರಿಂದ ಕಾಲೇಜುಗಳವರು, ಸಂಘದವರು ಭಾಷಣಕ್ಕೆ ಕರೆಯತೊಡಗಿದರು. ಒಳಗಣ್ಣು ತೆರೆಯಿತು ಎಂದು ಹೇಳಿಸುವ ಆಸೆ ಅವರಿಗೆ. ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿಯವರ ಹೆಸರು ಎಲ್ಲರ ಬಾಯಲ್ಲೂ ಬರುತ್ತದೆ. ಹುಟ್ಟಿನಿಂದಲೇ ಒಂದು ಕಣ್ಣಿಲ್ಲ, ಇನ್ನೊಂದು ಮಂಜು, ನಡುವಯಸ್ಸಿನಲ್ಲಿ ಆಪರೇಷನ್ ಕೈಕೊಟ್ಟು ಪೂರ್ತಿ ಕತ್ತಲೆ. ಆಮೇಲೂ ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡಿದರು, ಗೋಡೆಗೆ ಟೈಲ್ಸಿನ ಭಿತ್ತಿಚಿತ್ರ ಮಾಡಿಸಿದರು. ಅವರ ಶಿಷ್ಯರಾಗಿದ್ದ ಸತ್ಯಜಿತ್ ರಾಯ್ 1972ರಲ್ಲಿ ಅವರ ಮೇಲೆ ಸಾಕ್ಷ್ಯಚಿತ್ರವನ್ನೂ ತೆಗೆದರು. ದೊಡ್ಡವರು, ಕೈಮುಗಿಯುತ್ತೇನೆ. ಆದರೆ ಅವರು ಕಲಾವಿದರು, ನಾನು ಗಿರಾಕಿಯ ಕೆಲಸ ಮಾಡುವವಳು. ಕಲಾವಿದರ ಬಾಗಿದ ಗೆರೆಗೆ ಅರ್ಥ ಹುಡುಕುತ್ತಾರೆ, ನನ್ನ ಬಾಗಿದ ಗೆರೆಗೆ ಬಿಲ್ಲು ಹಿಡಿಯುತ್ತಾರೆ. ನನಗೆ ಒಳಗಣ್ಣು ತೆರೆದಿಲ್ಲ. ಹೊರಗಣ್ಣು ಒಂದು ಅರ್ಧ ಹೋಗಿದೆ, ಉಳಿದದ್ದರಲ್ಲಿ ಕೆಲಸ ಮಾಡುತ್ತಿದ್ದೇನೆ. ಮುಂಚಿಗಿಂತ ನಿಧಾನವಾಗಿ, ಮುಂಚಿಗಿಂತ ಕಡಿಮೆ ಕೆಲಸ ಒಪ್ಪಿಕೊಂಡು. ಭಾಷಣಗಳಿಗೆ ಹೋದರೆ ಇದನ್ನೇ ಹೇಳುತ್ತೇನೆ, ಎರಡನೇ ಸಲ ಕರೆಯುವುದಿಲ್ಲ.

ಕೇಳಿಕೊಳ್ಳುವುದು ಒಂದೇ. ನಿಮ್ಮ ಮನೆಯಲ್ಲಿ ಮೈನಸ್ ಆರರ ಮೇಲೆ ಕನ್ನಡಕ ಹಾಕುವವರಿದ್ದರೆ, ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರ ಹತ್ತಿರ ಪಾಪೆ ಹಿಗ್ಗಿಸಿ ರೆಟಿನಾ ತೋರಿಸಿ. ಕನ್ನಡಕದ ಅಂಗಡಿಯ ನಂಬರು ಪರೀಕ್ಷೆಯಲ್ಲಿ ರೆಟಿನಾ ಕಾಣುವುದಿಲ್ಲ. ಕಣ್ಣಿನ ಮೂಲೆಯಲ್ಲಿ ಮಿಂಚು ಹೊಡೆದರೆ, ಇದ್ದಕ್ಕಿದ್ದಂತೆ ಕರಿ ಚುಕ್ಕಿಗಳು ಹೆಚ್ಚಾದರೆ, ಯಾವ ಕಡೆಯಿಂದಲಾದರೂ ಪರದೆ ಎದ್ದಂತೆ ಕಂಡರೆ, ಒಂದೊಂದೇ ಕಣ್ಣು ಮುಚ್ಚಿ ನೋಡಿಕೊಳ್ಳಿ. ನೋವಿಲ್ಲ ಎಂದು ಸುಮ್ಮನಿರಬೇಡಿ, ಇದರಲ್ಲಿ ನೋವೇ ಇರುವುದಿಲ್ಲ. ಭಾನುವಾರವಾದರೂ ಸರಿ, ಹಬ್ಬವಾದರೂ ಸರಿ, ಆವತ್ತೇ ರೆಟಿನಾ ಡಾಕ್ಟರಲ್ಲಿಗೆ ಹೋಗಿ.